ಎರಡನೇ ತಂಡದ ಏಣಿ ನಮ್ಮೂರಿಗೂ ಇಳಿಯಲಿ

ನಮ್ಮ ಭಾಗದ ಜಾತ್ರೆಗಳಲ್ಲಿ ಕುಸ್ತಿ ಕಂಡವರಿಗೆ ಅದರ ಕ್ರಮ ತಿಳಿದಿರುತ್ತದೆ. ಇಳಿಹೊತ್ತಿಗೆ ಹಲಗೆ ಬಡಿಯುತ್ತ ಕಣ ಆರಂಭವಾದಾಗ ಮೊದಲು ಇಳಿಯುವವರು ಹತ್ತು ಹನ್ನೆರಡು ವರ್ಷದ ಹುಡುಗರು. ಗೆದ್ದವನಿಗೆ ಒಂದು ತೆಂಗಿನಕಾಯಿ, ಸಣ್ಣದೊಂದು ನೋಟು. ಹೊತ್ತು ಮುಳುಗುತ್ತ ಬಂದಂತೆ ಜೋಡಿಗಳ ತೂಕ ಏರುತ್ತದೆ, ಬಹುಮಾನವೂ ಏರುತ್ತದೆ. ಹೆಸರುವಾಸಿ ಪೈಲ್ವಾನರ ಕೊನೆಯ ಜೋಡಿಗಾಗಿ ಜನ ಕಾದು ಕುಳಿತಿರುತ್ತಾರೆ. ದೂರದ ತಾಲೀಮಿನಿಂದ ಬಂದ ಉಸ್ತಾದರು ತಮ್ಮ ದೊಡ್ಡ ಪೈಲ್ವಾನನ ಜತೆಗೆ ನಾಲ್ಕಾರು ಮರಿ ಪೈಲ್ವಾನರನ್ನೂ ಕರೆತಂದಿರುತ್ತಾರೆ. ಆ ಮರಿಗಳು ಸೆಣಸುವುದು ಊರಿನ ಹುಡುಗರೊಂದಿಗೆ. ಊರ ಹುಡುಗ ಸೋತರೂ ಪಳಗಿದ ಮೈಯ ಹಿಡಿತ ಎಂಥದ್ದೆಂಬುದು ಅವನ ತೋಳಿಗೆ ತಿಳಿಯುತ್ತದೆ. ಅವನಲ್ಲಿ ಕಸುವಿದ್ದರೆ ಅದು ಉಸ್ತಾದರ ಕಣ್ಣಿಗೂ ಬೀಳುತ್ತದೆ. ನೀನು ಯಾವ ಸಂಸ್ಥೆಯವನು, ನಿನ್ನ ನೋಂದಣಿ ಸಂಖ್ಯೆ ಯಾವುದು ಎಂದು ಆ ಕಣದಲ್ಲಿ ಯಾರೂ ಕೇಳುವುದಿಲ್ಲ.

ಇಂದಿನ ವೃತ್ತಿಪರ ಕ್ರೀಡೆಯಲ್ಲಿ ಈ ಮರಿ ಪೈಲ್ವಾನರ ಪಡೆಗೆ ಮೀಸಲು ತಂಡವೆಂದು ಹೆಸರು. ದೊಡ್ಡ ಕ್ಲಬ್ಬೊಂದು ಸಂಬಳ ಕೊಟ್ಟು ಇರಿಸಿಕೊಂಡ ಆಟಗಾರರೆಲ್ಲರೂ ವಾರದ ಪಂದ್ಯದಲ್ಲಿ ಕಣಕ್ಕಿಳಿಯುವುದು ಸಾಧ್ಯವಿಲ್ಲ. ಗಾಯದಿಂದ ಚೇತರಿಸಿಕೊಳ್ಳುತ್ತಿರುವವರು, ಇನ್ನೂ ಎಳೆಯರಾದವರು, ಆಯ್ಕೆಯ ಅಂಚಿನಲ್ಲಿ ನಿಂತವರು ಎಲ್ಲಿಯಾದರೂ ಆಡಲೇಬೇಕು. ಅಭ್ಯಾಸ ಎಷ್ಟೇ ಕಠಿಣವಾಗಿರಲಿ, ಅದು ಪಂದ್ಯಕ್ಕೆ ಸಮನಲ್ಲ. ಹಾಗಾಗಿ ಕ್ಲಬ್ಬುಗಳು ಎರಡನೆಯ ತಂಡವೊಂದನ್ನು ಕಟ್ಟಿ ಅದನ್ನು ಸ್ಥಳೀಯ ಅಥವಾ ರಾಜ್ಯ ಮಟ್ಟದ ಲೀಗಿಗೆ ಸೇರಿಸುತ್ತವೆ. ನೋಡುವುದಕ್ಕೆ ಇದು ಆಡಳಿತದ ಚಿಕ್ಕ ಏರ್ಪಾಡು. ಆದರೆ ಹುನಗುಂದದಂಥ ಊರಿನ ಹದಿನೇಳರ ಹುಡುಗನ ಪಾಲಿಗೆ ಬಾಗಿಲು ತೆರೆದಿದೆಯೇ ಮುಚ್ಚಿದೆಯೇ ಎಂಬುದು ಇಂಥ ಏರ್ಪಾಡುಗಳಲ್ಲೇ ತೀರ್ಮಾನವಾಗುತ್ತದೆ. ಮೂವತ್ತು ವರ್ಷ ಈ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕನಾಗಿದ್ದ ನನಗೆ ಈ ವಿಷಯ ಮುಖ್ಯವಾಗಿರುವುದು ಅದರಿಂದಲೇ.

ಕರ್ನಾಟಕದಲ್ಲಿ ಇದಕ್ಕೆ ಕಣ್ಣೆದುರಿನ ನಿದರ್ಶನ ಬೆಂಗಳೂರು ಎಫ್‌ಸಿ. ಜೆಎಸ್‌ಡಬ್ಲ್ಯೂ ಸಮೂಹ 2013ರಲ್ಲಿ ಕಟ್ಟಿದ ಈ ಕ್ಲಬ್ ತನ್ನ ಮೊದಲ ಋತುವಿನಲ್ಲೇ, ಅಂದರೆ 2013–14ರಲ್ಲಿ, ಐ-ಲೀಗ್ ಗೆದ್ದಿತು. 2015–16ರಲ್ಲಿ ಮತ್ತೆ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್‌ನ ಫೈನಲ್ ತಲುಪಿತು. 2018–19ರಲ್ಲಿ ಇಂಡಿಯನ್ ಸೂಪರ್ ಲೀಗ್‌ನ ಚಾಂಪಿಯನ್ ಆಯಿತು. ಅದೇ 2018–19ರಲ್ಲಿ ಬೆಂಗಳೂರು ಸೂಪರ್ ಡಿವಿಷನ್ ಲೀಗ್ ಗೆದ್ದದ್ದು ಯಾರು? ಇದೇ ಕ್ಲಬ್ಬಿನ ಮೀಸಲು ತಂಡ. ಮರುವರ್ಷ 2019–20ರಲ್ಲಿಯೂ ಪ್ರಶಸ್ತಿ ಅದರದ್ದೇ. ಒಂದೇ ಮನೆಯ ಅಣ್ಣ ದೇಶದ ಪ್ರಶಸ್ತಿ ಗೆದ್ದರೆ ತಮ್ಮ ರಾಜ್ಯದ ಪ್ರಶಸ್ತಿ ಗೆದ್ದ. ಮನೆಯವರಿಗೆ ಇದು ಹಬ್ಬವೇ ಸರಿ. ಆದರೆ ಓಣಿಯ ಉಳಿದ ಮನೆಗಳ ಕತೆ ಏನು ಎಂಬುದನ್ನೂ ಕೇಳಬೇಕಲ್ಲವೇ?

ಈ ಓಣಿ ಸಾಮಾನ್ಯವಾದುದಲ್ಲ. 1937 ಮತ್ತು 1938ರಲ್ಲಿ ರೋವರ್ಸ್ ಕಪ್ ಗೆದ್ದ ಬೆಂಗಳೂರು ಮುಸ್ಲಿಮ್ಸ್ ತಂಡ ಇಲ್ಲಿಯದು. ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯಕ್ಕೆ ನಾಲ್ಕು ಸಲ, ಕೊನೆಯದಾಗಿ 1968–69ರಲ್ಲಿ, ತಂದುಕೊಟ್ಟ ನೆಲ ಇದು. ಎಚ್‌ಎಎಲ್, ಐಟಿಐಗಳಂಥ ಸಾರ್ವಜನಿಕ ಕಾರ್ಖಾನೆಗಳು ಆಟಗಾರರಿಗೆ ನೌಕರಿ ಕೊಟ್ಟು ತಂಡ ಕಟ್ಟಿದ ಕಾಲವೊಂದಿತ್ತು. ಎಚ್‌ಎಎಲ್ ತಂಡ 2010–11 ಮತ್ತು 2011–12ರಲ್ಲಿ ಐ-ಲೀಗ್‌ನಲ್ಲಿಯೂ ಆಡಿತು. ಆ ನೌಕರಿಗಳು ಕಡಿಮೆಯಾಗುತ್ತ ಬಂದ ಹೊತ್ತಿಗೇ ಬಂಡವಾಳದ ಬಲವುಳ್ಳ ಕ್ಲಬ್ಬುಗಳು ಬಂದವು. ರಾಜ್ಯವು ಸಂತೋಷ್ ಟ್ರೋಫಿಯನ್ನು ಮತ್ತೆ ಎತ್ತಿಹಿಡಿಯಲು 2023ರ ಮಾರ್ಚ್‌ವರೆಗೆ ಕಾಯಬೇಕಾಯಿತು. ರಿಯಾದ್‌ನಲ್ಲಿ ನಡೆದ ಆ ಫೈನಲ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿತು. ಐವತ್ತನಾಲ್ಕು ವರ್ಷಗಳ ನಂತರ ಬಂದ ಗೆಲುವು ಅದು.

ಆದರೆ ಒಂದು ಮಾತನ್ನು ಗಮನಿಸಬೇಕು. ಬೆಂಗಳೂರು ಸೂಪರ್ ಡಿವಿಷನ್ ಅನ್ನು ಕರ್ನಾಟಕದ ಅತ್ಯುನ್ನತ ಲೀಗ್ ಎಂದು ಎಣಿಸಲಾಗುತ್ತದೆ. ರಾಷ್ಟ್ರೀಯ ಲೀಗುಗಳ ಕೆಳಗಿನ ಹಂತಕ್ಕೆ ರಾಜ್ಯದ ತಂಡಗಳು ಏರುವ ದಾರಿಯೂ ಅದೇ. ಅದನ್ನು ನಡೆಸುವುದು ಬೆಂಗಳೂರು ಜಿಲ್ಲಾ ಫುಟ್‌ಬಾಲ್ ಸಂಸ್ಥೆ. ಅದರಲ್ಲಿ ಆಡುವ ತಂಡಗಳು ರಾಜಧಾನಿಯವು. ಅಂದರೆ ನಾವು ರಾಜ್ಯ ಲೀಗ್ ಎಂದು ಕರೆಯುತ್ತಿರುವುದು ವಸ್ತುತಃ ಒಂದು ನಗರದ ಲೀಗ್. ಕೃಷ್ಣೆ, ಘಟಪ್ರಭೆ, ಮಲಪ್ರಭೆಯರ ದಡದಲ್ಲಿರುವ ನಮ್ಮಂಥವರಿಗೆ ಆ ಏಣಿಯ ಮೊದಲ ಮೆಟ್ಟಿಲು ನಾನೂರು ಕಿಲೋಮೀಟರಿಗೂ ಆಚೆ ಇದೆ.

ಇದು ನನಗೆ ಲೆಕ್ಕದ ಮಾತಾಗಿ ತಿಳಿದದ್ದಲ್ಲ, ಒಬ್ಬ ಹುಡುಗನಿಂದ ತಿಳಿದದ್ದು. ಅವನ ಹೆಸರು ಇಲ್ಲಿ ಬೇಡ. ತಂದೆ ಇಳಕಲ್ಲಿನ ಗ್ರಾನೈಟ್ ಕ್ವಾರಿಯಲ್ಲಿ ಕೂಲಿ, ತಾಯಿ ನೇಕಾರರ ಮನೆಯಲ್ಲಿ ಕಂಡಿಕೆ ಸುತ್ತುವವರು. ಕಲ್ಲುನೆಲದ ಮೈದಾನದಲ್ಲಿ ಬರಿಗಾಲಿನಲ್ಲಿ ಚೆಂಡನ್ನು ಪಾದಕ್ಕೆ ಅಂಟಿಸಿಕೊಂಡಂತೆ ಓಡುತ್ತಿದ್ದ. ಎರಡೂ ಕಾಲಿನಲ್ಲಿ ಒದೆಯಬಲ್ಲ ಅವನಂಥ ಇನ್ನೊಬ್ಬ ವಿದ್ಯಾರ್ಥಿಯನ್ನು ನನ್ನ ಸೇವಾವಧಿಯಲ್ಲಿ ನಾನು ಕಾಣಲಿಲ್ಲ. ಶಾಲೆಯ ಪಂದ್ಯಗಳಲ್ಲಿ ವಿಭಾಗ ಮಟ್ಟದವರೆಗೆ ಹೋಗಿ ಬಂದ. ಪಿಯುಸಿ ಮುಗಿಸಿದ ಮೇಲೆ ಇಳಕಲ್ಲಿನಿಂದ ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೆ ಹೋದ. ನಮ್ಮ ಹುನಗುಂದಕ್ಕಾಗಲಿ ಇಳಕಲ್ಲಿಗಾಗಲಿ ರೈಲಿಲ್ಲ. ಬಸ್ಸಿನ ಖರ್ಚಿಗೆ ತಾಯಿ ಯಾರಲ್ಲೋ ಕೈಗಡ ತಂದಿದ್ದರು.

ಒಂದೂವರೆ ತಿಂಗಳಿಗೆ ಮರಳಿ ಬಂದವನು ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: “ಸರ, ‘ಯಾವ ಕ್ಲಬ್ಬಪ್ಪ ನಿಂದು’ ಅಂತ ಕೇಳಿದ್ರಿ. ನಾ ‘ಹುನಗುಂದ’ ಅಂದೆ. ‘ಅದು ಊರು, ಕ್ಲಬ್ ಯಾವುದು’ ಅಂದ್ರು.” ಆಯ್ಕೆಗೆ ಬಂದಿದ್ದ ಉಳಿದ ಹುಡುಗರೆಲ್ಲ ಯಾವುದೋ ಅಕಾಡೆಮಿಯ, ಯಾವುದೋ ಕ್ಲಬ್ಬಿನ ಹೆಸರು ಹೇಳಿದರಂತೆ. ಕೆಳಗಿನ ಡಿವಿಷನ್ನಿನ ಒಂದು ತಂಡ ಅವನನ್ನು ಅಭ್ಯಾಸಕ್ಕೆ ಸೇರಿಸಿಕೊಂಡಿತು. ಆದರೆ ನೋಂದಣಿಯ ಅವಧಿ ಮುಗಿದಿತ್ತು. “ಆಡಸಲಿಲ್ಲರಿ ಸರ, ಬರೇ ಚೆಂಡು ತಂದು ಕೊಟ್ಟೆ” ಎಂದ. ಈಗ ಅವನು ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿದ್ದಾನೆ. ಯಾರ ಮೇಲೂ ದೂರು ಹೇಳುವುದಿಲ್ಲ. ನಾನೂ ಆ ತಂಡದವರನ್ನು ದೂರುವುದಿಲ್ಲ, ಅವರು ನಿಯಮದಂತೆ ನಡೆದುಕೊಂಡರು. ‘ಹುನಗುಂದ’ ಎಂಬುದು ಆ ನಿಯಮದ ಪುಸ್ತಕದಲ್ಲಿ ಉತ್ತರವೇ ಅಲ್ಲದಿರುವುದು ನನ್ನ ದೂರು.

ನಿಯಮದ ಪುಸ್ತಕದಲ್ಲಿ ಹೆಸರಿಲ್ಲದಿದ್ದರೆ ಹಣದ ಪಾಲೂ ಇಲ್ಲ. ಫಿಫಾ 2001ರಲ್ಲಿ ಜಾರಿಗೆ ತಂದ ವರ್ಗಾವಣೆ ನಿಯಮಗಳ ಪ್ರಕಾರ, ಆಟಗಾರನೊಬ್ಬ ಒಪ್ಪಂದದ ನಡುವೆ ಹಣಕ್ಕೆ ಬೇರೆ ದೇಶದ ಕ್ಲಬ್ಬಿಗೆ ಮಾರಾಟವಾದಾಗ ಆ ಮೊತ್ತದ ಶೇ 5ರಷ್ಟನ್ನು ಅವನು ಹನ್ನೆರಡರಿಂದ ಇಪ್ಪತ್ಮೂರರ ವಯಸ್ಸಿನವರೆಗೆ ಬೆಳೆದ ಕ್ಲಬ್ಬುಗಳಿಗೆ ಹಂಚಬೇಕು. ಮೊದಲ ಗುರುವಿಗೂ ಗುರುದಕ್ಷಿಣೆ ಸಲ್ಲಲಿ ಎಂಬ ನ್ಯಾಯದ ನಿಯಮ ಅದು. ಆದರೆ ಅದು ಸಲ್ಲುವುದು ನೋಂದಾಯಿತ ಕ್ಲಬ್ಬಿಗೆ. ಊರಿನಲ್ಲಿ ಕ್ಲಬ್ಬೇ ಇಲ್ಲದಿದ್ದರೆ ಆ ಹುಡುಗನಿಗೆ ಮೊದಲ ಚೆಂಡು ಕೊಟ್ಟ ಊರು ಲೆಕ್ಕದಿಂದ ಹೊರಗೆ.

ಹಾಗಾದರೆ ಮೀಸಲು ತಂಡಗಳು ಬೇಡವೇ? ಹಾಗೆ ಹೇಳಿದರೆ ಅದು ಅನ್ಯಾಯವಾದೀತು. ತಮಿಳುನಾಡಿನ ಶಿವಶಕ್ತಿ ನಾರಾಯಣನ್ ಬೆಂಗಳೂರು ಎಫ್‌ಸಿಯ ಎರಡನೇ ತಂಡದಲ್ಲಿ ಗೋಲುಗಳನ್ನು ಗಳಿಸುತ್ತಲೇ ಮೇಲೆ ಬಂದು, 2022–23ರಲ್ಲಿ ಇಂಡಿಯನ್ ಸೂಪರ್ ಲೀಗ್‌ನ ಉದಯೋನ್ಮುಖ ಆಟಗಾರ ಎನಿಸಿಕೊಂಡರು. 2022ರಲ್ಲಿ ಗೋವಾದಲ್ಲಿ ರಿಲಯನ್ಸ್ ಫೌಂಡೇಷನ್ ಡೆವಲಪ್‌ಮೆಂಟ್ ಲೀಗ್ ಮೊದಲ ಬಾರಿಗೆ ನಡೆದಾಗ ಗೆದ್ದದ್ದು ಬೆಂಗಳೂರಿನ ಕಿರಿಯರೇ. ಆ ಗೆಲುವಿನ ಫಲವಾಗಿ ಅವರು ಇಂಗ್ಲೆಂಡಿಗೆ ಹೋಗಿ ಅಲ್ಲಿನ ಕ್ಲಬ್ಬುಗಳ ಕಿರಿಯರೊಡನೆ ಆಡಿ ಬಂದರು. ಸಂಬಳ, ಆಹಾರ, ವೈದ್ಯ, ತರಬೇತುದಾರ ಇವೆಲ್ಲ ಹದಿನೆಂಟರ ಹುಡುಗನಿಗೆ ಒಂದೇ ಕಡೆ ದೊರೆಯುವುದು ಇಂಥ ತಂಡದಲ್ಲಿ ಮಾತ್ರ. ಅದನ್ನು ಹೀಗಳೆಯುವ ಅಧಿಕಾರ ನನಗಿಲ್ಲ.

ತೊಡಕು ಇರುವುದು ಬೇರೆಡೆ. ಮೀಸಲು ತಂಡಕ್ಕೆ ತನ್ನದೇ ಆದ ಗುರಿ ಇರುವುದಿಲ್ಲ. 2017–18ರಿಂದ ಐ-ಲೀಗ್‌ನ ಎರಡನೇ ಡಿವಿಷನ್ನಿನಲ್ಲಿ ಸೂಪರ್ ಲೀಗ್ ಕ್ಲಬ್ಬುಗಳ ಮೀಸಲು ತಂಡಗಳು ಆಡಿದವು. ಎಷ್ಟೇ ಗೆದ್ದರೂ ಅವಕ್ಕೆ ಬಡ್ತಿ ಪಡೆಯುವ ಹಕ್ಕು ಇರಲಿಲ್ಲ. ಆ ನಿಯಮ ಸರಿಯಾದದ್ದೇ. ಆದರೆ ಅದರಿಂದ ಆಟದ ಸ್ವರೂಪವೇ ಬದಲಾಗುತ್ತದೆ. ಒಂದು ತಂಡಕ್ಕೆ ಈ ಪಂದ್ಯ ಬದುಕಿನ ಪ್ರಶ್ನೆ. ಎದುರಿನ ತಂಡಕ್ಕೆ ಅದು ಅಭ್ಯಾಸ. ಚೆನ್ನಾಗಿ ಆಡುವ ಹುಡುಗನನ್ನು ಋತುವಿನ ನಡುವೆಯೇ ಮೇಲಕ್ಕೆ ಕರೆದುಕೊಳ್ಳುತ್ತಾರೆ. ಇನ್ನೊಂದು ವಾರ ಮೊದಲ ತಂಡದ ಅನುಭವಿಗಳು ಗಾಯ ಮಾಗಿಸಿಕೊಳ್ಳಲೆಂದು ಕೆಳಕ್ಕೆ ಇಳಿದು ಬರುತ್ತಾರೆ. ಅಂದು ಎದುರಾದ ಸಣ್ಣ ಕ್ಲಬ್ಬಿನ ಗ್ರಹಚಾರ! ಹೀಗೆ ಪಟ್ಟಿಯಲ್ಲಿ ಯಾರು ಯಾರನ್ನು ಯಾವ ಬಲದಿಂದ ಸೋಲಿಸಿದರು ಎಂಬುದಕ್ಕೆ ಅರ್ಥವೇ ಇಲ್ಲದಂತಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಸೀಮಿತ ಸಂಖ್ಯೆಯ ತಂಡಗಳಿರುವ ಲೀಗಿನಲ್ಲಿ ಮೀಸಲು ತಂಡವೊಂದು ಕೂತ ಜಾಗ ಇನ್ನೊಂದು ಸ್ವತಂತ್ರ ತಂಡ ಕೂರಬಹುದಾಗಿದ್ದ ಜಾಗ.

ಈ ಜಗಳವನ್ನು ನಮಗಿಂತ ಬಹಳ ಮೊದಲೇ ಆಡಿ, ಹಲವು ಪರಿಹಾರಗಳನ್ನು ಪ್ರಯೋಗಿಸಿ ನೋಡಿದ ದೇಶ ಆಸ್ಟ್ರೇಲಿಯಾ. ಅಲ್ಲಿ ಜನ ಮುಗಿಬೀಳುವ ಆಟಗಳಲ್ಲೊಂದು ಆಸ್ಟ್ರೇಲಿಯನ್ ಫುಟ್‌ಬಾಲ್. ಅಂಡಾಕಾರದ ಮೈದಾನದಲ್ಲಿ ತಂಡಕ್ಕೆ ಹದಿನೆಂಟು ಮಂದಿಯಂತೆ ಕೈ ಕಾಲು ಎರಡನ್ನೂ ಬಳಸಿ ಆಡುವ ಆಟ ಅದು. ರಾಷ್ಟ್ರೀಯ ಲೀಗ್ ಆದ ಎಎಫ್‌ಎಲ್‌ನ ಕ್ಲಬ್ಬೊಂದರ ಪಟ್ಟಿಯಲ್ಲಿ ನಲವತ್ತರ ಆಸುಪಾಸು ಆಟಗಾರರಿರುತ್ತಾರೆ; ಬದಲಿಗಳೂ ಸೇರಿ ಪಂದ್ಯಕ್ಕೆ ಬೇಕಾಗುವವರು ಇಪ್ಪತ್ತಮೂರರಷ್ಟು ಮಂದಿ. ಉಳಿದವರಿಗಾಗಿ ಮೆಲ್ಬರ್ನ್‌ನಲ್ಲಿ 1919ರಿಂದ 1999ರವರೆಗೆ ಪ್ರತ್ಯೇಕ ಮೀಸಲು ಲೀಗ್ ಇತ್ತು. ಬಹುಕಾಲ ಈ ಪಂದ್ಯಗಳು ಹಿರಿಯರ ಪಂದ್ಯಕ್ಕೆ ಮುನ್ನ ಅದೇ ಮೈದಾನದಲ್ಲಿ ನಡೆಯುತ್ತಿದ್ದವು. ನಮ್ಮ ಜಾತ್ರೆಯ ಕುಸ್ತಿಯ ಕ್ರಮವೇ! 2000ದಲ್ಲಿ ಆ ಲೀಗನ್ನು ಮುಚ್ಚಿ ಮೀಸಲು ಆಟಗಾರರನ್ನು ವಿಕ್ಟೋರಿಯಾ ರಾಜ್ಯದ ಲೀಗಿಗೆ ತರಲಾಯಿತು. 1877ರಲ್ಲಿ ಹುಟ್ಟಿದ ಹಳೆಯ ಸಂಸ್ಥೆಯೊಂದರ ಮುಂದುವರಿಕೆ ಆ ರಾಜ್ಯ ಲೀಗ್. ತಲೆಮಾರುಗಳ ಅಭಿಮಾನಿಗಳಿದ್ದ ಪೋರ್ಟ್ ಮೆಲ್ಬರ್ನ್, ವಿಲಿಯಮ್ಸ್‌ಟೌನ್‌ಗಳಂಥ ಬಡಾವಣೆಯ ಕ್ಲಬ್ಬುಗಳು ಅಂದಿನಿಂದ ಎಎಫ್‌ಎಲ್‌ನ ಸಂಬಳದ ಆಟಗಾರರನ್ನು ಎದುರಿಸಬೇಕಾಯಿತು.

ದಕ್ಷಿಣ ಆಸ್ಟ್ರೇಲಿಯಾದಲ್ಲಿ 2014ರಲ್ಲಿ ಅಡಿಲೇಡ್ ಕ್ಲಬ್ಬಿನ ಮೀಸಲು ತಂಡ ರಾಜ್ಯ ಲೀಗಿಗೆ ಬಂತು. ಅದೇ ವರ್ಷ, 1870ರಲ್ಲಿ ಸ್ಥಾಪನೆಯಾಗಿ ರಾಜ್ಯ ಲೀಗನ್ನು ಮೂವತ್ತಾರು ಸಲ ಗೆದ್ದಿದ್ದ ಪೋರ್ಟ್ ಅಡಿಲೇಡ್‌ನ ರಾಜ್ಯ ತಂಡವೂ ಮೀಸಲು ತಂಡವಾಗಿ ಮಾರ್ಪಟ್ಟಿತು. ತಮ್ಮ ತಾತ ಬೆಂಬಲಿಸಿದ ತಂಡ ಈಗ ಇನ್ನೊಂದರ ನೆರಳು ಎಂಬುದನ್ನು ಒಪ್ಪಿಕೊಳ್ಳುವುದು ಎಷ್ಟು ಜನರಿಗೆ ಸುಲಭವಾಗಿದ್ದೀತು?

ಪಶ್ಚಿಮ ಆಸ್ಟ್ರೇಲಿಯಾ ಬೇರೊಂದು ದಾರಿ ಹಿಡಿಯಿತು. ನನ್ನ ವಾದಕ್ಕೆ ಮುಖ್ಯವಾದದ್ದು ಈ ದಾರಿ. ಅಲ್ಲಿನ ಫ್ರಿಮ್ಯಾಂಟಲ್ ಕ್ಲಬ್ 2014ರಲ್ಲಿ ತನ್ನದೇ ಮೀಸಲು ತಂಡ ಕಟ್ಟದೆ, ಪರ್ತ್ ನಗರದ ದಕ್ಷಿಣಕ್ಕಿರುವ ಮ್ಯಾಂಡುರಾ ಎಂಬ ಊರಿನ ಪೀಲ್ ಥಂಡರ್ ಕ್ಲಬ್ಬಿನೊಂದಿಗೆ ಒಡಂಬಡಿಕೆ ಮಾಡಿಕೊಂಡಿತು. ಫ್ರಿಮ್ಯಾಂಟಲ್‌ನ ಹೆಚ್ಚುವರಿ ಆಟಗಾರರು ಪೀಲ್‌ನ ಅಂಗಿ ತೊಟ್ಟು, ಪೀಲ್‌ನ ಊರ ಹುಡುಗರ ಜತೆ ಒಂದೇ ತಂಡವಾಗಿ ಆಡಿದರು. 1997ರಲ್ಲಿ ರಾಜ್ಯ ಲೀಗಿಗೆ ಸೇರಿದಂದಿನಿಂದ ಸೋಲುಗಳಲ್ಲೇ ಬಳಲಿದ್ದ ಪೀಲ್ ತಂಡ 2016 ಮತ್ತು 2017ರಲ್ಲಿ ಸತತ ಎರಡು ಸಲ ಪ್ರಶಸ್ತಿ ಗೆದ್ದಿತು. ಇದೇ ಮಾದರಿಯನ್ನು ವೆಸ್ಟ್ ಕೋಸ್ಟ್ ಕ್ಲಬ್ಬು ನೂರು ವರ್ಷಕ್ಕೂ ಹಳೆಯದಾದ ಈಸ್ಟ್ ಪರ್ತ್ ಜತೆ 2014ರಲ್ಲಿ ಆರಂಭಿಸಿತು. ಅದು 2018ಕ್ಕೆ ಮುಗಿಯಿತು. 2019ರಿಂದ ವೆಸ್ಟ್ ಕೋಸ್ಟ್ ತನ್ನ ಸ್ವಂತ ಮೀಸಲು ತಂಡವನ್ನು ಇಳಿಸಿತು. ಅಂದರೆ ಜೋಡಣೆ ಎಲ್ಲ ಕಡೆಯೂ ಹೊಂದುವುದಿಲ್ಲ. ತನ್ನದೇ ಚರಿತ್ರೆ, ತನ್ನದೇ ಹೆಮ್ಮೆ ಇರುವ ಹಳೆಯ ಕ್ಲಬ್ಬಿಗೆ ಅದು ಬಿಗಿಯಾಗಬಹುದು. ಏನೂ ಇಲ್ಲದ, ಬೆಳೆಯಬೇಕಾದ ಊರಿಗೆ ಅದು ವರವಾಗಬಹುದು.

ಆ ದೇಶದ ಇನ್ನೊಂದು ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾರೆ. ಪಶ್ಚಿಮ ಆಸ್ಟ್ರೇಲಿಯಾದ ರಾಜ್ಯ ಲೀಗಿನಲ್ಲಿ ಆಡುತ್ತಿದ್ದ ಮಾರ್ಲಿಯನ್ ಪಿಕೆಟ್ ಎಂಬ ಮೂಲನಿವಾಸಿ ಆಟಗಾರನನ್ನು ರಿಚ್ಮಂಡ್ ಕ್ಲಬ್ 2019ರ ಋತುವಿನ ನಡುವೆ ಆರಿಸಿಕೊಂಡಿತು. ಆಗ ಆತನ ವಯಸ್ಸು ಇಪ್ಪತ್ತೇಳು. ಆತ ರಿಚ್ಮಂಡ್‌ನ ಮೀಸಲು ತಂಡದಲ್ಲಿ ಆಡಿ, ರಾಜ್ಯ ಲೀಗಿನ ಫೈನಲ್‌ನಲ್ಲಿ ಶ್ರೇಷ್ಠ ಆಟಗಾರ ಎನಿಸಿಕೊಂಡ. ಮರುವಾರವೇ ರಾಷ್ಟ್ರೀಯ ಲೀಗಿನ ಫೈನಲ್‌ನಲ್ಲಿ ಮೊದಲ ಬಾರಿಗೆ ಹಿರಿಯರ ತಂಡಕ್ಕೆ ಕಾಲಿಟ್ಟು ಪ್ರಶಸ್ತಿ ಗೆದ್ದ. ಊರಿನ ಲೀಗ್, ಮೀಸಲು ತಂಡ, ಹಿರಿಯರ ತಂಡ ಈ ಮೂರೂ ಮೆಟ್ಟಿಲುಗಳು ಒಂದರ ಮೇಲೊಂದು ಸರಿಯಾಗಿ ನಿಂತರೆ ಏನು ಸಾಧ್ಯ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಉಳಿದ ದೇಶಗಳೂ ಈ ಪ್ರಶ್ನೆಯನ್ನು ಹಗುರವಾಗಿ ಕಂಡಿಲ್ಲ. ಸ್ಪೇನ್‌ನಲ್ಲಿ ದೊಡ್ಡ ಕ್ಲಬ್ಬುಗಳ ಎರಡನೇ ತಂಡ ಕೆಳಗಿನ ಡಿವಿಷನ್ನುಗಳಲ್ಲಿ ಆಡಬಹುದು, ಆದರೆ ಮೊದಲ ತಂಡ ಇರುವ ಡಿವಿಷನ್ನಿಗೆ ಏರುವಂತಿಲ್ಲ. ಇಂಗ್ಲೆಂಡಿನಲ್ಲಿ 2016–17ರಿಂದ ಕೆಳಹಂತದ ಕ್ಲಬ್ಬುಗಳ ಟ್ರೋಫಿಯೊಂದಕ್ಕೆ ದೊಡ್ಡ ಕ್ಲಬ್ಬುಗಳ ಕಿರಿಯರನ್ನು ಸೇರಿಸಿದಾಗ ಸಣ್ಣ ಊರುಗಳ ಅಭಿಮಾನಿಗಳು ಪಂದ್ಯಗಳನ್ನೇ ಬಹಿಷ್ಕರಿಸಿದರು. ನಮ್ಮ ಊರಿನ ತಂಡ ಇನ್ನೊಬ್ಬರ ತರಬೇತಿಗೆ ಒದಗಿದ ಸಾಮಗ್ರಿಯಲ್ಲ ಎಂಬುದು ಅವರ ಅಳಲು. ಆದರೆ ಅವರಿಗೆ ಬಹಿಷ್ಕರಿಸುವುದಕ್ಕಾದರೂ ಒಂದು ತಂಡವಿತ್ತು. ನಮಗೆ ಅದೂ ಇಲ್ಲ.

ಇದನ್ನು ಫುಟ್‌ಬಾಲ್‌ನ ಮಾತೆಂದು ಬಾಗಲಕೋಟೆಯವರು ಪಕ್ಕಕ್ಕಿಡಬಾರದು. ನಮ್ಮ ಮಣ್ಣಿನ ಆಟವಾದ ಕಬಡ್ಡಿಗೂ 2014ರಲ್ಲಿ ಪ್ರೊ ಕಬಡ್ಡಿ ಲೀಗ್‌ನೊಂದಿಗೆ ವೃತ್ತಿಪರತೆ ಬಂದಿದೆ. ಪುಣೇರಿ ಪಲ್ಟನ್ ‘ಯುವ ಪಲ್ಟನ್’ ಎಂಬ ಕಿರಿಯರ ತಂಡವನ್ನು ಬೆಳೆಸಿತು. ಅಹ್ಮದ್‌ನಗರ ಜಿಲ್ಲೆಯಿಂದ ಬಂದು ಆ ತಂಡದಲ್ಲಿ ಪಳಗಿದ ಅಸ್ಲಂ ಇನಾಮದಾರ್ 2024ರ ಮಾರ್ಚ್‌ನಲ್ಲಿ ಪುಣೇರಿ ಪಲ್ಟನ್ ಮೊದಲ ಬಾರಿಗೆ ಪ್ರಶಸ್ತಿ ಗೆದ್ದಾಗ ಅದರ ನಾಯಕ. ಅಂದು ಆ ತಂಡದ ಕೋಚ್ ಆಗಿದ್ದವರು ನಮ್ಮ ಕನ್ನಡಿಗ ಬಿ.ಸಿ. ರಮೇಶ್. ನೆರೆಯ ರಾಜ್ಯದ ಗ್ರಾಮೀಣ ಜಿಲ್ಲೆಯ ಹುಡುಗನಿಗೆ ಎರಡನೇ ತಂಡವೊಂದು ಏಣಿಯಾಯಿತು. 2019ರ ಜನವರಿಯಲ್ಲಿ ಇದೇ ಲೀಗ್ ಗೆದ್ದ ಬೆಂಗಳೂರು ಬುಲ್ಸ್ ಹೆಸರನ್ನು ಜಪಿಸುತ್ತ ನಮ್ಮ ಊರುಗಳಲ್ಲಿ ಹೊನಲು ಬೆಳಕಿನ ಕಬಡ್ಡಿ ಆಡುವ ಹುಡುಗರಿಗೆ ಅಂಥ ಏಣಿ ತಮ್ಮ ಅಂಗಳದಲ್ಲೇ ಏಕೆ ಸಿಗಬಾರದು?

ನನ್ನ ಸೂಚನೆ ಸರಳವಾದುದು. ಮೊದಲನೆಯದಾಗಿ, ರಾಜ್ಯ ಲೀಗ್ ಎಂಬ ಹೆಸರಿಗೆ ತಕ್ಕಂತೆ ಲೀಗ್ ರಾಜ್ಯದ್ದಾಗಲಿ. ಬೆಳಗಾವಿ, ವಿಜಯಪುರ, ಬಾಗಲಕೋಟೆ, ಧಾರವಾಡ, ಗದಗಗಳನ್ನು ಒಂದು ವಲಯವಾಗಿ ಮಾಡಿ, ಅಲ್ಲಿ ಗೆದ್ದ ತಂಡ ಬೆಂಗಳೂರಿನ ತಂಡಗಳನ್ನು ಎದುರಿಸುವ ಏರ್ಪಾಡು ಬರಲಿ. ಎರಡನೆಯದಾಗಿ, ವೃತ್ತಿಪರ ಕ್ಲಬ್ಬುಗಳ ಮೀಸಲು ತಂಡ ರಾಜಧಾನಿಯ ಲೀಗಿನಲ್ಲಿ ಪ್ರತ್ಯೇಕ ಜಾಗ ಹಿಡಿಯುವ ಬದಲು ಅದರ ಆರೇಳು ಆಟಗಾರರನ್ನು ಪೀಲ್ ಮಾದರಿಯಲ್ಲಿ ಜಿಲ್ಲೆಯ ಕ್ಲಬ್ಬೊಂದಕ್ಕೆ ಜೋಡಿಸಲಿ. ಅಂಗಿ ಜಿಲ್ಲೆಯದು, ಸಂಬಳ ಕ್ಲಬ್ಬಿನದು. ಮೂರನೆಯದಾಗಿ, ಹೀಗೆ ಜೋಡಿಸಿದ ತಂಡದಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ಆ ಜಿಲ್ಲೆಯ ಹುಡುಗರೇ ಮೈದಾನದಲ್ಲಿ ಇರಬೇಕೆಂಬ ನಿಯಮವಿರಲಿ. ನಾಲ್ಕನೆಯದಾಗಿ, ಪ್ರೌಢಶಾಲೆ ಮತ್ತು ಕಾಲೇಜುಗಳ ಆಟಗಾರರ ನೋಂದಣಿ ತಾಲ್ಲೂಕಿನಲ್ಲೇ ನಡೆಯಲಿ. ಆಗ ‘ಯಾವ ಕ್ಲಬ್’ ಎಂದು ಕೇಳಿದವರಿಗೆ ‘ಹುನಗುಂದ’ ಎಂಬ ಉತ್ತರ ಸಾಕಾಗುತ್ತದೆ.

ಇಳಕಲ್ ಸೀರೆಯನ್ನು ಬಲ್ಲವರಿಗೆ ನಾನು ಹೇಳುತ್ತಿರುವ ಜೋಡಣೆ ಹೊಸದೆನಿಸದು. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಹತ್ತಿಯ ಒಡಲಿಗೆ ರೇಷ್ಮೆಯ ಸೆರಗನ್ನು ಎಳೆ ಎಳೆಗೆ ಕುಣಿಕೆ ಹಾಕಿ ಕೂಡಿಸುತ್ತಾರೆ. ಆ ಕುಣಿಕೆ ಬಿಗಿಯಾಗಿದ್ದರೆ ಸೀರೆ ಮಗಳ ಕಾಲಕ್ಕೂ ಬರುತ್ತದೆ.

ಇದಕ್ಕೆ ಬರುವ ಆಕ್ಷೇಪಗಳು ನನಗೆ ತಿಳಿಯದವಲ್ಲ. ಅಷ್ಟು ದೂರ ತಂಡವನ್ನು ಕಳುಹಿಸುವುದು ಹೇಗೆ ಎನ್ನುತ್ತಾರೆ. ಆಲಮಟ್ಟಿಯ ಹಿನ್ನೀರಿಗಾಗಿ ಹಳೆಯ ಬಾಗಲಕೋಟೆಯ ಬಡಾವಣೆಗಳನ್ನೇ ಎತ್ತಿ ನವನಗರಕ್ಕೆ ಸಾಗಿಸಿದ ಸರ್ಕಾರವಿದು. ನಾಡಿನ ನೀರಿಗಾಗಿ ಮನೆ, ಅಂಗಡಿ, ಓಣಿಗಳನ್ನು ಬಿಟ್ಟುಕೊಟ್ಟ ಜನರ ಊರಿಗೆ ವರ್ಷಕ್ಕೆ ಹತ್ತು ಪಂದ್ಯಗಳನ್ನು ಸಾಗಿಸಲಾರದೇ? ನವನಗರದಲ್ಲಿ ಜಿಲ್ಲಾ ಕ್ರೀಡಾಂಗಣವಿದೆ. ಬಾಗಲಕೋಟೆಗೆ ಬೆಂಗಳೂರಿನಿಂದ ನೇರ ರೈಲುಗಳಿವೆ.

ನೋಡುವವರು ಯಾರು ಎಂದು ಇನ್ನು ಕೆಲವರು ಕೇಳುತ್ತಾರೆ. ಅವರನ್ನು ಬನದ ಹುಣ್ಣಿಮೆಯ ಹೊತ್ತಿಗೆ ಬಾದಾಮಿಗೆ ಆಹ್ವಾನಿಸುತ್ತೇನೆ. ಬನಶಂಕರಿ ಜಾತ್ರೆಯಲ್ಲಿ ಸಾಲು ಸಾಲಾಗಿ ಡೇರೆ ಹಾಕುವ ನಾಟಕ ಕಂಪನಿಗಳ ಮುಂದೆ ರಾತ್ರಿ ಟಿಕೆಟ್ಟಿಗಾಗಿ ನಿಲ್ಲುವ ಜನರನ್ನು ಅವರು ನೋಡಲಿ. ನಮ್ಮ ಜನ ದುಡ್ಡು ಕೊಟ್ಟು ನೋಡುವವರು. ಆದರೆ ತಮ್ಮದೆನ್ನುವ ಹೆಸರೊಂದು ಕಣದಲ್ಲಿರಬೇಕು.

ಹಣವೆಲ್ಲಿ ಎಂಬುದು ಮೂರನೆಯ ಪ್ರಶ್ನೆ. ಇಂಡಿಯನ್ ಸೂಪರ್ ಲೀಗ್‌ನ ಭವಿಷ್ಯ ಅನಿಶ್ಚಿತವಾದಾಗ, 2025ರ ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನೇ ತಡೆಹಿಡಿಯಬೇಕಾಯಿತು. ಆಗಲೂ ಕಿರಿಯರ ತರಬೇತಿ ವ್ಯವಸ್ಥೆಗೆ ಅಡ್ಡಿಯಾಗದು ಎಂದು ಆ ಕ್ಲಬ್ ಹೇಳಿತ್ತೆಂಬುದು ಗಮನಾರ್ಹ. ಇದರಿಂದ ಕಲಿಯಬೇಕಾದ ಪಾಠ ಒಂದೇ. ಮೇಲಿನ ಮಾಳಿಗೆ ಟೆಲಿವಿಷನ್ ಒಪ್ಪಂದಗಳ ಗಾಳಿಗೆ ಅಲುಗಬಹುದು. ಬುನಾದಿ ಜಿಲ್ಲೆಗಳಲ್ಲಿ ಹರಡಿಕೊಂಡಿದ್ದರೆ ಮನೆ ಬೀಳುವುದಿಲ್ಲ. ಒಂದೇ ನಗರದಲ್ಲಿ ಒಂದೇ ಕಂಬದ ಮೇಲೆ ನಿಂತ ಆಟಕ್ಕೆ ಆ ಭದ್ರತೆ ಇಲ್ಲ.

ಕಳೆದ ವರ್ಷ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯನ್ನು ಇಳಕಲ್ಲಿನ ಬಸ್ ನಿಲ್ದಾಣದ ಬಳಿ ಕಂಡೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಹೊಸದೊಂದು ಚೆಂಡು. ಅಕ್ಕನ ಮಗನಿಗೆಂದು ಕೊಂಡದ್ದಂತೆ. ಹುಡುಗನಿಗೆ ಹನ್ನೊಂದು ವರ್ಷ. “ಎಡಗಾಲು ಬಾಳ ಚಲೋ ಐತ್ರಿ ಸರ, ನನಗಿಂತ ಚಲೋ” ಎಂದ. ಆಮೇಲೆ ಸ್ವಲ್ಪ ತಡೆದು, “ಇವನ್ನ ಎಲ್ಲಿಗಿ ಕಳಸೂದ್ರಿ?” ಎಂದು ಕೇಳಿದ. ದೈಹಿಕ ಶಿಕ್ಷಕನಾಗಿ ಮೂವತ್ತು ವರ್ಷ ಸೀಟಿ ಊದಿದವನಿಗೆ ಆ ಪ್ರಶ್ನೆಗೆ ಉತ್ತರ ಗೊತ್ತಿರಬೇಕಿತ್ತು. ಆ ಹುಡುಗನಿಗೆ ಹದಿನೇಳು ತುಂಬಲು ಇನ್ನೂ ಕೆಲವು ವರ್ಷಗಳಿವೆ. ಕ್ರೀಡಾ ಇಲಾಖೆ, ಫುಟ್‌ಬಾಲ್ ಮತ್ತು ಕಬಡ್ಡಿ ಸಂಸ್ಥೆಗಳು, ವೃತ್ತಿಪರ ಕ್ಲಬ್ಬುಗಳು ಒಂದು ಮೇಜಿನ ಸುತ್ತ ಕುಳಿತರೆ ಅಷ್ಟರಲ್ಲಿ ಉತ್ತರ ಸಿದ್ಧವಾಗುತ್ತದೆ. ಇಲ್ಲವಾದರೆ ಅವನ ಸೋದರಮಾವನ ಪಕ್ಕದಲ್ಲಿ ಪಾಲಿಶ್ ಯಂತ್ರವೊಂದು ಅವನಿಗಾಗಿ ಕಾದಿರುತ್ತದೆ.